ಫಲಕವಿಲ್ಲದ ಸೀಮೆಯಲ್ಲಿ ಚರಿತ್ರೆಯನ್ನು ಎಲ್ಲಿ ನೋಡುವುದು?

ಕೊಳ್ಳೇಗಾಲದಿಂದ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟಕ್ಕೆ ಹೊರಟ ಬಸ್ಸು ಕಾಮಗೆರೆ, ಹನೂರು ದಾಟಿ ಕೌದಳ್ಳಿಯಲ್ಲಿ ನಿಂತರೆ ಹೊಸಬರು ಅಲ್ಲಿ ಇಳಿಯುವುದು ಕಡಿಮೆ. ಇಳಿದರೂ ನೋಡಲು ಏನಿದೆ ಎಂದು ಹೇಳುವ ಫಲಕವಾಗಲಿ ಕೋಟೆಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಆದರೂ 1800ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಹನೂರಿನಿಂದ ಕೌದಳ್ಳಿಗೆ ಬಂದು, ಮಾರ್ಟಳ್ಳಿಯ ಕಡೆಗೆ ಹೋಗಿ, ಕಾವೇರಿಪುರದ ಘಾಟಿಯಿಂದ ಕೊಯಮತ್ತೂರು ಸೀಮೆಗೆ ಇಳಿದ. ದಾರಿಯುದ್ದಕ್ಕೂ ಮಣ್ಣು, ಬೆಳೆ, ಕೆರೆ, ಜಾತಿ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಮೇಲ್ಸೀಮೆಯಿಂದ ಘಟ್ಟದ ಕೆಳಗಿನ ತಮಿಳು ಸೀಮೆಗೆ ಹೋಗುವವರ ಹಳೆಯ ದಾರಿ ಇದು. ಇಂದು ಅದೇ ದಾರಿಯಲ್ಲಿ ಹರಕೆ ಹೊತ್ತವರು ಕಾಲ್ನಡಿಗೆಯಲ್ಲಿ ತಾಳಬೆಟ್ಟಕ್ಕೆ ನಡೆಯುತ್ತಾರೆ.

ಕುತೂಹಲದಿಂದ ಊರು ಸುತ್ತುವವರಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ ಒಂದು ಪ್ರಶ್ನೆ ಒಡ್ಡುತ್ತದೆ. ಚರಿತ್ರೆಯ ಜಾಗ ಎಂದು ಯಾವುದನ್ನು ಕರೆಯಬೇಕು? ಸರ್ಕಾರ ಬೇಲಿ ಹಾಕಿ ಕಾಯುವ ಕಲ್ಲನ್ನೇ, ಇಲ್ಲವೇ ರಾತ್ರಿಯಿಡೀ ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರು ಹೆಸರಿಟ್ಟು ಕರೆಯುವ ಹಳ್ಳವನ್ನೇ? ಸರ್ಕಾರಿ ಪ್ರವಾಸದ ಕೈಪಿಡಿಗಳಲ್ಲಿ ಭರಚುಕ್ಕಿ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಎಂಬ ಮೂರು ಹೆಸರು ತಪ್ಪದೆ ಬರುತ್ತವೆ. ಆ ಮೂರರ ನಡುವಿನ ನೂರಾರು ಹಳ್ಳಿಗಳು ವಾಹನದ ಕಿಟಕಿಯಲ್ಲಿ ಸರಿದುಹೋಗುತ್ತವೆ. ಈ ಸೀಮೆಯ ಚರಿತ್ರೆ ಇರುವುದು ಹೆಚ್ಚಾಗಿ ಆ ನಡುವಿನಲ್ಲೇ ಎಂಬುದು ನನ್ನ ಅಭಿಪ್ರಾಯ.

ಬರಹದ ಚರಿತ್ರೆ ಇಲ್ಲಿ ತೆಳುವಾಗಿರುವುದಕ್ಕೆ ಕಾರಣವಿದೆ. ಟಿಪ್ಪು ಮಡಿದ ಮೇಲೆ 1799ರಲ್ಲಿ ಕೊಳ್ಳೇಗಾಲ ಕಂಪನಿಯ ಪಾಲಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೆ, ಅಂದರೆ 157 ವರ್ಷ, ಅದು ಮದ್ರಾಸಿನ ಕೈಯಲ್ಲೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನೊಳಗಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಹೀಗಾಗಿ ಕೂಗಳತೆಯ ಎರಡು ಊರುಗಳ ಕಾಗದಪತ್ರ ಎರಡು ರಾಜಧಾನಿಗಳಲ್ಲಿ ಬಿದ್ದವು. ಮೈಸೂರಿನ ಚರಿತ್ರೆ ಬರೆದವರಿಗೆ ಕೊಳ್ಳೇಗಾಲ ಹೊರಗಿನದು, ಮದ್ರಾಸಿನವರಿಗೆ ಅದು ಕನ್ನಡ ಮಾತಾಡುವ ಒಂದು ಮೂಲೆ. ಚಾಮರಾಜನಗರ ಜಿಲ್ಲೆಯಾಗಿದ್ದು 1997ರಲ್ಲಿ, ಹನೂರು ತಾಲ್ಲೂಕಾಗಿದ್ದು ಅದಕ್ಕಿಂತಲೂ ಈಚೆಗೆ. ಗಡಿ ಹೀಗೆ ಅತ್ತಿತ್ತ ಸರಿದರೂ ಒಕ್ಕಲು ಸರಿಯಲಿಲ್ಲ. ಧರ್ಮಪುರಿ, ಸೇಲಂ, ಈರೋಡಿನ ತಮಿಳು ಭಕ್ತರು ಇಂದಿಗೂ ಮಾದಪ್ಪನ ಬೆಟ್ಟಕ್ಕೆ ಬರುತ್ತಾರೆ.

ಕಾಗದ ಬಿಟ್ಟ ಜಾಗವನ್ನು ಹಾಡು ತುಂಬಿದೆ. ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರು ಹರಕೆಯ ಮಕ್ಕಳು; ಮನೆಯವರು ದೇವರಿಗೆ ಒಪ್ಪಿಸಿ, ದೀಕ್ಷೆ ಕೊಡಿಸಿ ಕೈಗೆ ಕಂಸಾಳೆ ಕೊಟ್ಟವರು. ಈ ಕಾವ್ಯವನ್ನು 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಸಂಗ್ರಹಿಸಿ ಅಚ್ಚು ಹಾಕಿಸಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಬೇರೊಂದು ಪಾಠವನ್ನು ಹೊರತಂದಿತು, ಸಾಹಿತ್ಯ ಅಕಾದೆಮಿ ಇಂಗ್ಲಿಷಿಗೂ ತಂದಿತು. ಪುಸ್ತಕ ಕೈಗೆತ್ತಿಕೊಂಡ ಪ್ರವಾಸಿಗೆ ಮೊದಲು ಕಾಣುವುದು ಅದರಲ್ಲಿ ತುಂಬಿರುವ ಊರುಗಳು. ಉತ್ತರ ದೇಶದಿಂದ ಬಂದ ಮಾದಪ್ಪ ಸುತ್ತೂರು, ಕುಂತೂರು ಮಠಗಳಲ್ಲಿದ್ದು ರಾಗಿ ಬೀಸಿ, ಎಪ್ಪತ್ತೇಳು ಮಲೆಯತ್ತ ನಡೆಯುತ್ತಾನೆ. ಕುಂತೂರು ಕೊಳ್ಳೇಗಾಲದ ಹತ್ತಿರವೇ ಇದೆ, ಮಠವೂ ಇದೆ. ಹೊಗೆನಕಲ್ ಕಡೆಯ ಆಲಂಬಾಡಿಯ ಜುಂಜೇಗೌಡ ಸಿರಿವಂತ ಕುರುಬ. ಮಾದಪ್ಪ ಅವನ ಸೊಕ್ಕು ಮುರಿದು ಅವನಿಂದಲೇ ಗುಡಿ ಕಟ್ಟಿಸಿಕೊಳ್ಳುತ್ತಾನೆ. ಆಲಂಬಾಡಿಯ ಹೆಸರು ಹೊತ್ತ ದನದ ತಳಿಯೊಂದಿದೆ. ದನ ಕುರಿ ಸಾಕಿದವರ ಸಂಪತ್ತು ಎಂಥದ್ದಿತ್ತು ಎಂಬುದಕ್ಕೆ ಕಥೆಯೂ ತಳಿಯೂ ಎರಡು ಕಡೆಯಿಂದ ಸಾಕ್ಷಿ ಹೇಳುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಜೇನು, ಗೆಡ್ಡೆಗಳನ್ನು ಅರಸಿ ಕಾಡಿಗೆ ಹೊರಡುವ ಮುಂಚೆ ಹೆಂಡತಿಯಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ಮದುವೆಯಾದ ಮೇಲೆ ಇನ್ನೆಂಥ ಭಾಷೆ ಎಂದು ಅವಳು ಒಪ್ಪುವುದಿಲ್ಲ. ಅವನು ಮಾಟದ ಕಟ್ಟು ಹಾಕಿ ಅವಳನ್ನು ಬಂಧಿಸಿಟ್ಟು ಹೋದಾಗ ಮಾದಪ್ಪ ಬಂದು ಬಿಡಿಸಿ, ಮಕ್ಕಳ ಫಲ ಕೊಡುತ್ತಾನೆ. ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಈ ಕಥೆಯನ್ನು ರಾತ್ರಿ ಜಾವದಲ್ಲಿ ಕೇಳುವ ಹೆಂಗಸರು ಅದನ್ನು ಯಾವ ಕಾಲದ್ದೆಂದು ವಿಚಾರಿಸುವುದಿಲ್ಲ. ಮಾದಪ್ಪ ಹದಿನಾಲ್ಕನೆಯ ಶತಮಾನದವನೋ ಹದಿನೈದನೆಯದವನೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ, ಚರ್ಚಿಸಲಿ. ಸೋಲಿಗರು, ಕುರುಬರು, ಮಾದಿಗರು, ಬೇಡಗಂಪಣರು ಒಬ್ಬ ದೇವರ ಸುತ್ತ ಹೇಗೆ ಸೇರಿದರು, ಯಾರು ಯಾರಿಗೆ ಮಣಿದರು ಎಂಬ ಸಂಗತಿ ಕಾವ್ಯದಲ್ಲಿರುವಷ್ಟು ವಿವರವಾಗಿ ಯಾವ ಶಾಸನದಲ್ಲೂ ಸಿಗುವುದಿಲ್ಲ. ಬೆಟ್ಟದ ಪೂಜೆ ಇಂದಿಗೂ ಬೇಡಗಂಪಣರದು. ದೀಪಾವಳಿಯಲ್ಲಿ ಅವರ ಮನೆಗಳ 101 ಹೆಣ್ಣುಮಕ್ಕಳು ಹಳ್ಳದಿಂದ ಕೊಡ ಹೊತ್ತು ತರುವ ಹಾಲರವಿ ಸೇವೆಯನ್ನು ನೋಡಿದರೆ ಈ ಮಾತು ಬೇಗ ತಿಳಿಯುತ್ತದೆ.

ಕಾವ್ಯದ ಇನ್ನೊಂದು ಎಳೆ ಯಳಂದೂರಿನ ಕಡೆಗೆ ಎಳೆಯುತ್ತದೆ. ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟು ದುಡಿಸಿಕೊಳ್ಳುತ್ತಿದ್ದ ಶ್ರವಣನೆಂಬ ದೊರೆಯನ್ನು ಮಾದಪ್ಪ ಕೊಲ್ಲುವುದು ಮಾದಿಗರ ಹರಳಯ್ಯನಿಂದ ಮಾಡಿಸಿದ ಉರಿಯುವ ಚಮ್ಮಾವುಗೆಯಿಂದ. ಅತ್ತ ಬಿಳಿಗಿರಿರಂಗನಿಗೂ ಮಾದಿಗರು ದೊಡ್ಡ ಚರ್ಮದ ಪಾದುಕೆ ಮಾಡಿ ಒಪ್ಪಿಸುವ ಪದ್ಧತಿ ನಡೆದುಬಂದಿದೆ. ರಾತ್ರಿ ಕಾಡು ತಿರುಗುವ ದೇವರಿಗೆ ಅದು ಸವೆಯುತ್ತದೆ ಎಂಬುದು ನಂಬಿಕೆ. ಒಂದು ಬೆಟ್ಟದಲ್ಲಿ ಚಮ್ಮಾವುಗೆ ಆಯುಧ, ಇನ್ನೊಂದರಲ್ಲಿ ಕಾಣಿಕೆ. ಎರಡೂ ಕಡೆ ಅದನ್ನು ಹೊಲಿದವನಿಗೆ ಕಥೆಯಲ್ಲಿ ಹೆಸರೋ ಹಕ್ಕೋ ಸಿಕ್ಕಿದೆ. ಸೋಲಿಗರಿಗಂತೂ ರಂಗಪ್ಪ ಭಾವ. ಅವರ ಕುಲದ ಹೆಣ್ಣು ಕುಸುಮಾಲೆಯನ್ನು ಕದ್ದು ಮದುವೆಯಾದವನು. ದೇವಸ್ಥಾನದ ಬಾಗಿಲಲ್ಲಿ ವೈಷ್ಣವ ಆಚಾರ, ಸೋಲಿಗರ ಹಾಡಿಯಾದ ಪೋಡಿನಲ್ಲಿ ನೆಂಟಸ್ತನ. ಪ್ರವಾಸಿಗರು ಗುಡಿ ನೋಡಿ ಹಿಂದಿರುಗುತ್ತಾರೆ, ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರದವರೆಗೂ ಕೆಲವರು ಹೋಗುತ್ತಾರೆ. ಆ ಮರ ಸೋಲಿಗರಿಗೆ ದೇವರು. 2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ದೇಶದ ಯಾವ ಹುಲಿ ಪ್ರದೇಶದಲ್ಲೂ ಅದಕ್ಕೆ ಮುಂಚೆ ಹಾಗೆ ಆಗಿರಲಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿನ ಮೂಲನಿವಾಸಿಗಳನ್ನು ಹೊರಗಟ್ಟಿ ಕಾಡನ್ನು ನಿರ್ಜನವೆಂದು ತೋರಿಸಲಾಯಿತು. ಜಗತ್ತಿನ ಎಷ್ಟೋ ದೇಶಗಳು ಆ ಮಾದರಿಯನ್ನೇ ಹಿಡಿದವು, ನಾವೂ ಬಹುಕಾಲ ಹಿಡಿದಿದ್ದೆವು.

ಕಲ್ಲಿನ ಚರಿತ್ರೆ ಬೇಕೆನ್ನುವವರಿಗೆ ಯಳಂದೂರು ಸಾಕಷ್ಟು ಕೊಡುತ್ತದೆ. ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪದಲ್ಲಿ ಮೂಲೆಗಳಿಂದ ತೂಗುವ ಕಲ್ಲಿನ ಬಳೆಗಳ ಸರಪಳಿ ನೋಡಿ ಬೆರಗಾಗದವರಿಲ್ಲ. ದೇವಾಲಯವನ್ನು ಕಟ್ಟಿಸಿದವರು ಹದಿನಾಡಿನ ಪಾಳೆಯಗಾರರು, ಸುಮಾರು ಐನೂರು ವರ್ಷದ ಹಿಂದೆ. ಅದೇ ಮನೆತನದ ಹೆಣ್ಣನ್ನು ಮದುವೆಯಾದವನು ಮೈಸೂರಿನ ಚಿಕ್ಕದೇವರಾಜ ಒಡೆಯ. ಅವನ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹುಡುಗಿಯೇ ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ. ಅವನ ಮಂತ್ರಿ ವಿಶಾಲಾಕ್ಷ ಪಂಡಿತನೂ ಈ ಊರಿನವನೇ. ‘ರಾಜಶೇಖರ ವಿಳಾಸ’ದ ಷಡಕ್ಷರದೇವನ ನಂಟೂ ಯಳಂದೂರಿಗೆ ಇದೆ. ಒಂದು ಸಣ್ಣ ಊರಿಗೆ ಇಷ್ಟು ಸಾಹಿತ್ಯ ಸಾಲದೇ? ಆದರೂ ಬೆಟ್ಟಕ್ಕೆ ಹೋಗುವ ಕಾರುಗಳು ಇಲ್ಲಿ ನಿಲ್ಲುವುದು ಹೆಚ್ಚಾಗಿ ಟೀ ಕುಡಿಯಲು.

ಶಿವನಸಮುದ್ರದಲ್ಲಿ ಕಲ್ಲು, ಕಥೆ, ಯಂತ್ರ ಮೂರೂ ಒಂದೇ ಕಡೆ ಸಿಗುತ್ತವೆ. ಕಥೆಯ ಪ್ರಕಾರ ಇಲ್ಲಿನ ನಂದಿರಾಜ ಯಾವುದೋ ಆಚಾರದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಹೆಂಡತಿಯೊಂದಿಗೆ ಕುದುರೆಯೇರಿ ಗಗನಚುಕ್ಕಿಗೆ ಹಾರಿದ. ಅವನ ಮಗ ಗಂಗರಾಜ ವೈಭವದಿಂದ ಆಳಿದ. ಗಂಗರಾಜನ ಹೆಣ್ಣುಮಕ್ಕಳಿಬ್ಬರು ಸತ್ಯಗಾಲದ ಬಳಿಯ ಕಿಲಿಮಲೆಗೂ ಮದ್ದೂರಿನ ಬಳಿಯ ನಗರಕೆರೆಗೂ ಸೊಸೆಯರಾಗಿ ಹೋಗಿ, ತವರಿನ ಸಿರಿಯನ್ನೇ ಎತ್ತಿ ಆಡಿ ಗಂಡಂದಿರನ್ನು ಹಂಗಿಸುತ್ತಿದ್ದರಂತೆ. ಸಿಟ್ಟಿಗೆದ್ದ ಅಳಿಯಂದಿರು ಹನ್ನೆರಡು ವರ್ಷ ಮುತ್ತಿಗೆ ಹಾಕಿದರು. ಕೊನೆಗೆ ದಳವಾಯಿಗೆ ಲಂಚ ಕೊಟ್ಟು ಕಡವಿನ ಕಾವಲು ತೆಗೆಸಿ, ಮಾವ ಚದುರಂಗ ಆಡುತ್ತಿದ್ದಾಗ ಒಳನುಗ್ಗಿದರು. ಆಮೇಲೆ ಪಶ್ಚಾತ್ತಾಪದಿಂದ ಅವರೂ ಅದೇ ದಬದಬೆಗೆ ಹಾರಿದರು. ರೈಸರ ಮೈಸೂರು ಗೆಜೆಟಿಯರ್ ಇದನ್ನೂ ಸೇರಿಸಿಕೊಂಡಿದೆ. ಮಾವನ ಮನೆಯ ಜಗಳ ರಾಜ್ಯ ಮುಳುಗಿಸಿತೆಂಬ ಕಥೆಯನ್ನು ಚರಿತ್ರೆಯೆಂದೇ ಒಪ್ಪುವ ಅಗತ್ಯವಿಲ್ಲ. ಪಾಳೆಯಗಾರರ ನೆಂಟಸ್ತನವೇ ಅವರ ರಾಜಕೀಯವಾಗಿತ್ತೆಂಬುದನ್ನು ಮಾತ್ರ ಅದು ಸರಿಯಾಗಿ ಹಿಡಿದಿದೆ.

ಊರು ಹಾಳಾಗಿ ಕಾಡು ಬೆಳೆದ ಮೇಲೆ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಹಳೆಯ ಕಲ್ಲುಸೇತುವೆಗಳನ್ನು ಮತ್ತೆ ನಿಲ್ಲಿಸಿ ಶಿವನಸಮುದ್ರವನ್ನು ಜಹಗೀರಾಗಿ ಪಡೆದರು. ಜನ ಇಂದಿಗೂ ವೆಸ್ಲಿ ಸೇತುವೆ ಎನ್ನುವುದು ಆ ಪೈಕಿ ಒಂದನ್ನು. ವೆಲ್ಲೆಸ್ಲಿಯ ಹೆಸರು ನಾಲಗೆಯಲ್ಲಿ ಸವೆದು ಹಾಗಾಗಿದೆ. 1902ರ ಜೂನ್ ಕೊನೆಯಲ್ಲಿ ಮಂಡ್ಯ ಕಡೆಯ ದಡದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ ಹರಿಯಿತು. ಅದರ ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಆ ಕಂಪನಿಯ ಊರು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ. ಅದು ಮೊಹಾಕ್ ನದಿಯ ದಡದಲ್ಲಿದೆ, ಮೊಹಾಕ್ ಹೋಗಿ ಸೇರುವುದು ಹಡ್ಸನ್ನಿಗೆ.

ಹಡ್ಸನ್ ಕಣಿವೆಯಲ್ಲಿ ಊರು ಮತ್ತು ಕಥೆ ಬೆಸೆದುಕೊಂಡ ರೀತಿ ಬೇರೆ. ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ರುಂಡವಿಲ್ಲದ ಸವಾರನ ಕಥೆ ಬರೆದ. ಡಚ್ಚರು ನೆಲೆಸಿದ್ದ ಆ ಕಡೆಯ ಒಂದು ಊರು 1996ರಲ್ಲಿ ತನ್ನ ಹಳೆಯ ಹೆಸರು ಬಿಟ್ಟು ಕಥೆಯ ಹೆಸರನ್ನೇ, ಸ್ಲೀಪಿ ಹಾಲೋ ಎಂದು, ಇಟ್ಟುಕೊಂಡಿತು. ವರ್ಜೀನಿಯಾ ರಾಜ್ಯ 1927ರಿಂದಲೇ ಹೆದ್ದಾರಿಗಳ ಬದಿಗೆ ಲೋಹದ ಚರಿತ್ರೆಯ ಫಲಕಗಳನ್ನು ನೆಡುತ್ತಾ ಬಂದಿದೆ. ಕಾರು ನಿಲ್ಲಿಸಿ ಓದಿ ಮುಂದೆ ಹೋಗುವ ಅಭ್ಯಾಸ ಅಲ್ಲಿನವರಿಗೆ ಆಗಿದೆ. ಇದರಿಂದ ಅನುಕೂಲವೂ ಇದೆ, ತೊಂದರೆಯೂ ಇದೆ. ಪಾಲ್ ಬನಿಯನ್ ಎಂಬ ದೈತ್ಯ ಮರಕಡಿಯುವವನ ಕಥೆಗಳು ಹೆಚ್ಚಾಗಿ ಹರಡಿದ್ದು ಒಂದು ಮರದ ಕಂಪನಿಯ ಜಾಹೀರಾತು ಪುಸ್ತಿಕೆಗಳಿಂದ. ಮಿನೆಸೋಟದ ಬಿಮಿಡ್ಜಿ ಊರಿನಲ್ಲಿ 1937ರಲ್ಲಿ ಅವನ ಎತ್ತರದ ಪ್ರತಿಮೆಯೂ ನಿಂತಿತು. ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ ಇಂಥ ಕಥೆಗಳು ಜಾನಪದದ ವೇಷ ಹಾಕಿದ ವ್ಯಾಪಾರವೆಂದು ಕಟುವಾಗಿ ಟೀಕಿಸಿದ.

ಮಾದಪ್ಪನ ವಿಷಯದಲ್ಲಿ ಆ ಟೀಕೆ ಸಲ್ಲದು. ಅವನ ಹಾಡು ಪ್ರವಾಸಿಗಾಗಿ ಹುಟ್ಟಿದ್ದಲ್ಲ. ಆದರೆ 2023ರಲ್ಲಿ ಬೆಟ್ಟದ ಮೇಲೆ ಹುಲಿ ಏರಿದ ಮಾದಪ್ಪನ 108 ಅಡಿಯ ಪ್ರತಿಮೆ ಉದ್ಘಾಟನೆಯಾದಾಗಿನಿಂದ ಫೋಟೊ ತೆಗೆಸಿಕೊಳ್ಳಲು ಬರುವ ಜನ ಬೇರೆ, ಹಾಡು ಕೇಳಲು ಬರುವ ಜನ ಬೇರೆ ಆಗತೊಡಗಿದ್ದಾರೆ. ಪ್ರತಿಮೆ ಒಂದೇ ಭಂಗಿಯನ್ನು ತೋರಿಸುತ್ತದೆ. ಕಾವ್ಯದ ಮಾದಪ್ಪ ರಾಗಿ ಬೀಸುತ್ತಾನೆ, ಬೇಡುತ್ತಾನೆ, ಮೋಸವನ್ನೂ ಮಾಡುತ್ತಾನೆ. ಅವನನ್ನು ಕಾಣಬೇಕೆಂದರೆ ಅಮಾವಾಸ್ಯೆಗೋ ಶಿವರಾತ್ರಿಗೋ ಹೋಗಿ, ಕಲ್ಲುಚಪ್ಪಡಿಯ ಮೇಲೆ ನಿದ್ದೆಗೆಟ್ಟು ಕುಳಿತುಕೊಳ್ಳಬೇಕು. ಎಲ್ಲರಿಗೂ ಅಷ್ಟು ಪುರಸೊತ್ತಿಲ್ಲ ಎಂಬುದೂ ನಿಜ.

ಈ ಸೀಮೆಯ ಇತ್ತೀಚಿನ ಚರಿತ್ರೆಗೆ ಬಂದರೆ ದಾರಿ ಗೋಪಿನಾಥದತ್ತ ತಿರುಗುತ್ತದೆ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು ಅದು. ಅಲ್ಲಿನ ಜನರ ವಿಶ್ವಾಸ ಗಳಿಸಲು ಮನೆ, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಅವನ ಗುಂಪಿನವರು ಶರಣಾಗತಿಯ ನೆಪದಲ್ಲಿ ಕರೆಸಿಕೊಂಡು ಕೊಂದರು. 1992ರಲ್ಲಿ ಕೌದಳ್ಳಿಗೆ ಹೆಚ್ಚು ದೂರವಲ್ಲದ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. ಅದೇ ವರ್ಷ ಆಗಸ್ಟ್ 14ರಂದು ಮಿಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಬಲಿಯಾದರು. 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯಿಂದ ಒಯ್ದರು. ಡಿಸೆಂಬರಿನಲ್ಲಿ ಅವರ ಹೆಣ ಸಿಕ್ಕಿತು. ಇದು ಒಂದು ಕಡೆಯ ಲೆಕ್ಕ. ವೀರಪ್ಪನ್‌ನನ್ನು ಹಿಡಿಯುವ ಕಾರ್ಯಾಚರಣೆಯ ಹೆಸರಿನಲ್ಲಿ ಹಳ್ಳಿಗರು, ಸೋಲಿಗರು ಉಂಡ ಚಿತ್ರಹಿಂಸೆಯನ್ನು ಮಾನವ ಹಕ್ಕು ಆಯೋಗ ನೇಮಿಸಿದ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿಸುವ ಆದೇಶ ಬಂತು. ಅದು ಇನ್ನೊಂದು ಕಡೆಯ ಲೆಕ್ಕ.

ಶ್ರೀನಿವಾಸ್ ಓಡಾಡುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ಸರಿಪಡಿಸಿ ಕೊಳ್ಳೇಗಾಲದ ಕಚೇರಿಯ ಆವರಣದಲ್ಲಿಟ್ಟಿದೆ. ಗೋಪಿನಾಥದಲ್ಲಿ ಅವರ ಸ್ಮಾರಕವಿದೆ, ಪ್ರವಾಸಿಗರಿಗೆ ಜಂಗಲ್ ಲಾಡ್ಜಸ್ ಶಿಬಿರವೂ ಆಗಿದೆ. ಚಿತ್ರಹಿಂಸೆ ನಡೆದ ಜಾಗಗಳಿಗೆ ಫಲಕ ಇಲ್ಲ, ಇರುವ ಸಂಭವವೂ ಕಡಿಮೆ. ಅಮೆರಿಕದ ಮಿಸೌರಿಯಲ್ಲಿ ಜೆಸ್ಸಿ ಜೇಮ್ಸ್ ಎಂಬ ದರೋಡೆಕಾರ 1882ರಲ್ಲಿ ಗುಂಡೇಟಿಗೆ ಸತ್ತ ಮನೆ ಈಗ ವಸ್ತುಸಂಗ್ರಹಾಲಯ. ಗೋಡೆಯ ತೂತನ್ನು ಟಿಕೆಟ್ ಕೊಟ್ಟು ನೋಡುತ್ತಾರೆ, ಅವನು ದೋಚಿದ್ದ ಬ್ಯಾಂಕಿನ ಲೆಕ್ಕ ಯಾರಿಗೂ ಬೇಡ. ನೂರು ವರ್ಷ ಕಳೆದರೆ ದರೋಡೆಕಾರ ಹಾಡಾಗಿಬಿಡುತ್ತಾನೆ. ನಮ್ಮಲ್ಲಿ ಇನ್ನೂ ಅಷ್ಟು ಕಾಲವಾಗಿಲ್ಲ. ಗೋಪಿನಾಥ, ಮಾರ್ಟಳ್ಳಿ ಕಡೆಯಲ್ಲಿ ಕುತೂಹಲದ ಪ್ರಶ್ನೆ ಹಾಕುವ ಮುಂಚೆ ಎದುರಿಗೆ ಕುಳಿತವರ ಮನೆಯಲ್ಲಿ ಆ ವರ್ಷಗಳಲ್ಲಿ ಏನು ನಡೆದಿತ್ತೋ ಎಂದು ಯೋಚಿಸುವುದು ವಾಸಿ.

ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆನಿಂತ ಟಿಬೆಟನ್ನರ ವಸಾಹತು, ಮಾರ್ಟಳ್ಳಿಯ ಕ್ರೈಸ್ತ ಒಕ್ಕಲು, ಕೊಳ್ಳೇಗಾಲದ ರೇಷ್ಮೆ ಮಗ್ಗಗಳು ಒಂದೊಂದೂ ಪ್ರತ್ಯೇಕ ಲೇಖನ ಬೇಡುವಂಥವು. ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ, ಏಕೆಂದರೆ ಚಿಕ್ಕಲ್ಲೂರು ಉಳಿದಿದೆ.

ಕೊಳ್ಳೇಗಾಲದಿಂದ ಅಷ್ಟು ದೂರವಿಲ್ಲದ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆ ಇದೆ. ಮಂಟೇಸ್ವಾಮಿಯ ಶಿಷ್ಯನಾದ ಇವನು ಗುರುವಿನ ಮಾತಿಗೆ ಕಟ್ಟುಬಿದ್ದು ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡಿ, ಅವರು ಕೊಟ್ಟ ಕಷ್ಟಗಳನ್ನೆಲ್ಲ ಗೆದ್ದವನು. ಕಲ್ಯಾಣದ ಶರಣರನ್ನೇ ಪರೀಕ್ಷೆಗೊಡ್ಡಿದ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಜೀ.ಶಂ. ಪರಮಶಿವಯ್ಯ, ವೆಂಕಟೇಶ ಇಂದ್ವಾಡಿ ಮೊದಲಾದವರು ಅದನ್ನು ಪುಸ್ತಕಕ್ಕೆ ತಂದಿದ್ದಾರೆ. ಹಲಗೂರು, ಬೊಪ್ಪೇಗೌಡನಪುರ, ಕುರುಬನಕಟ್ಟೆ, ಚಿಕ್ಕಲ್ಲೂರು ಎಂದು ಹಾಡಿನ ಊರುಗಳನ್ನು ಹಿಡಿದು ಕಾವೇರಿಯ ಎರಡೂ ದಡದಲ್ಲಿ ಸುತ್ತಿದರೆ ಯಾವ ಇಲಾಖೆಯ ನಕ್ಷೆಯೂ ಬೇಡ. ಕಬ್ಬಿಣ ಕಾಸುವವರ ಊರು ಯಾವುದಾಗಿತ್ತು, ಕಾಡು ಎಲ್ಲಿಂದ ಶುರುವಾಗುತ್ತಿತ್ತು, ಯಾರ ಕೇರಿ ಯಾರಿಗೆ ಬಾಗಿಲು ಮುಚ್ಚಿತ್ತು ಎಂಬುದೆಲ್ಲ ಅದರಲ್ಲೇ ಇದೆ.

ಜನವರಿಯಲ್ಲಿ ಬರುವ ಬನದ ಹುಣ್ಣಿಮೆಯಿಂದ ಇಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲಕ್ಕೆ ಕಿಚ್ಚಿಡುತ್ತಾರೆ. ಅದು ಯಾವ ದಿಕ್ಕಿಗೆ ಹೆಚ್ಚು ಉರಿಯಿತೋ ಆ ಕಡೆ ಮಳೆಬೆಳೆ ಚೆನ್ನ ಎಂದು ಎಣಿಸುತ್ತಾರೆ. ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರಗಳಲ್ಲಿ ಬಾಡೂಟ ಬೇಯಿಸಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುವ ಈ ಸೇವೆಗೆ ಇತ್ತೀಚಿನ ವರ್ಷಗಳಲ್ಲಿ ಪ್ರಾಣಿಬಲಿ ತಡೆಯುವ 1959ರ ಕಾಯ್ದೆಯ ಹೆಸರಿನಲ್ಲಿ ತಡೆ ಬಂದಿದೆ. ಗದ್ದುಗೆಯ ಮುಂದೆ ಬಲಿ ಕೊಡುವುದಿಲ್ಲ, ಬಿಡಾರದಲ್ಲಿ ಅಡುಗೆ ಮಾಡಿ ಹಂಚಿ ಉಣ್ಣುತ್ತೇವೆ ಅಷ್ಟೇ ಎಂದು ಒಕ್ಕಲಿನವರು ವಾದಿಸುತ್ತಾರೆ. ಚೆಕ್‌ಪೋಸ್ಟ್ ಹಾಕಿ ಕುರಿ ಕೋಳಿ ತಡೆಯುವುದು ಆಡಳಿತದ ಕ್ರಮ. ನನಗೆ ಒಕ್ಕಲಿನವರ ವಾದವೇ ಸರಿ ಎನಿಸುತ್ತದೆ. ಒಟ್ಟಿಗೆ ಕೂತು ಉಣ್ಣುವುದೇ ಸೇವೆಯಾಗಿರುವಾಗ ಎಲೆಯ ಮೇಲಿನದನ್ನು ತೆಗೆದು ಪಂಕ್ತಿಯನ್ನು ಮಾತ್ರ ಉಳಿಸುವುದು ಹೇಗೆ? ನಾಳೆ ಪ್ರವಾಸೋದ್ಯಮ ಇಲಾಖೆ ಚಿಕ್ಕಲ್ಲೂರಿನಲ್ಲೊಂದು ಚರಿತ್ರೆಯ ಫಲಕ ನೆಡಲು ಹೊರಟರೆ, ನಾಲ್ಕನೆಯ ದಿನದ ಬಗ್ಗೆ ಬರೆಯಬೇಕಾದ ಸಾಲನ್ನು ಮೊದಲು ನೀಲಗಾರರಿಗೆ ಓದಿ ಹೇಳಲಿ.